ಮೂರರ ಬಾಲ

"ಚರ್ಮದ ವಿಷಯ ನನಗೇ ಹೇಳಿಕೊಡ್ತೀರಾ?"

ನಾನು ಕೇಳಿದ್ದು ಪಕ್ಕದ ರೂಮಿಗೂ ಕೇಳಿಸಿತಂತೆ. ಕೇಳಿಸಲಿ ಬಿಡಿ. ಹದಿನಾಲ್ಕು ವರ್ಷದಿಂದ ಚರ್ಮದ ಬ್ಯಾಗ್ ಹೊಲಿಯೋಳು ನಾನು. ಯಾವ ತೊಗಲು ಮಡಿಸಿದರೆ ಬಿರಿಯುತ್ತೆ, ಯಾವುದು ಎಳೆದಷ್ಟೂ ಬರುತ್ತೆ ಅಂತ ಕಣ್ಣು ಮುಚ್ಚಿಕೊಂಡು ಮುಟ್ಟಿ ಹೇಳ್ತೀನಿ. ಅಂಥವಳ ಎದುರಿಗೆ ಕೂತು ಈ ಫಿಸಿಯೋಥೆರಪಿಸ್ಟ್, ಬಿಳಿ ಕೋಟಿನ ಜೇಬಿಗೆ ಎರಡೆರಡು ಪೆನ್ನು ಸಿಕ್ಕಿಸಿಕೊಂಡು, "ಮೇಡಂ, ನಿಮ್ಮ ಚರ್ಮಕ್ಕೆ ಮಡಚೋದು ಮರೆತುಹೋಗಿದೆ" ಅಂತಾನೆ.

"ನೀವು ಹೊಲಿಯೋ ಚರ್ಮಕ್ಕೆ ಜೀವ ಇಲ್ಲ. ಇದಕ್ಕಿದೆ," ಅಂದ, ಒಂಚೂರೂ ಗಾಬರಿಯಾಗದೆ. "ಇಲ್ಲಿ ನೋಡಿ."

ನನ್ನ ಎಡಗೈ ತೋರುಬೆರಳಿನ ಗೆಣ್ಣಿನ ಮೇಲೆ ಮೆಲ್ಲಗೆ ಚಿವುಟಿದ. ಚರ್ಮ ಸಡಿಲವಾಗಿ ಮೇಲೆದ್ದು ಬಂತು. ಆಮೇಲೆ ಬಲಗೈ ಬೆರಳು. ಅದರಲ್ಲಿ ಚಿವುಟೋಕೆ ಏನೂ ಸಿಗಲಿಲ್ಲ. ಗೆಣ್ಣಿನ ಮೇಲೆ ಇರಬೇಕಾದ ಗೆರೆಗಳೆಲ್ಲ ಅಳಿಸಿಹೋಗಿ, ಚರ್ಮ ನುಣ್ಣಗೆ ಹೊಳೀತಾ ಇತ್ತು. ನನ್ನದೇ ಬೆರಳು, ಆದರೆ ಯಾರದೋ ಅನ್ನೋ ಹಾಗೆ.

"ಕೀಲು ಮಡಚದೇ ಇದ್ರೆ ಅದರ ಮೇಲಿನ ಚರ್ಮಕ್ಕೂ ಹಿಗ್ಗೋ ಕೆಲಸ ಇರಲ್ಲ," ಅಂತ ಶುರುಮಾಡಿದ. "ಹೆಚ್ಚಿಗೆ ಇಟ್ಟುಕೊಂಡಿದ್ದ ಸಡಿಲವೆಲ್ಲ ಹೋಗುತ್ತೆ. ಒಳಗಿನ ಪದರಕ್ಕೆ ಅಂಟಿಕೊಂಡು ಬಿಗಿಯಾಗಿ ಕೂತುಬಿಡುತ್ತೆ. ಈಗ ಕೀಲು ಮಡಚೋಣ ಅಂದ್ರೂ ಚರ್ಮ ಬಿಡಲ್ಲ. ಮೂರು ವಾರಕ್ಕೇ ಪ್ಲಾಸ್ಟರ್ ಬಿಚ್ಚಿಸಿದ್ರೆ ಇಷ್ಟಾಗ್ತಿರಲಿಲ್ಲ. ಆರು ವಾರ ಯಾಕೆ ಬಿಟ್ರಿ?"

ನನಗೆ ನೆತ್ತಿಗೇರಿತು.

"ನಾನು ಬಿಟ್ನಾ? ನಾನು?"

ಚೀಲದಿಂದ ಕತ್ತರಿಸಿದ ಪ್ಲಾಸ್ಟರ್ ತೆಗೆದು ಅವನ ಮೇಜಿನ ಮೇಲೆ ಕುಕ್ಕಿದೆ. ಹೌದು, ಇಟ್ಟುಕೊಂಡಿದ್ದೆ. ಸಾಕ್ಷಿ ಬೇಕಲ್ಲ. ಅದರ ಮೇಲೆ ನೀಲಿ ಮಾರ್ಕರ್‌ನಲ್ಲಿ ಒಂದು ಕನ್ನಡ ಅಂಕಿ, ಅದರ ಮುಂದೆ "ವಾರ ಬಿಟ್ಟು ಬನ್ನಿ."

"ಓದಿ. ಇದು ಎಷ್ಟು?"

ಅವನು ಪ್ಲಾಸ್ಟರ್ ಕೈಗೆ ತಗೊಂಡ. ತುಂಬ ಹೊತ್ತು ನೋಡಿದ. ಕಿವಿ ಕೆಂಪಗಾಯಿತು.

"ಆರು ಥರ ಕಾಣುತ್ತೆ," ಅಂದ.

"ಥರ ಅಲ್ಲ, ಆರೇ! ಮೂರರ ಬಾಲ ಎಡಕ್ಕೆ ಸುಮ್ನೆ ನಿಲ್ಲಬೇಕು. ಈ ಮಹಾನುಭಾವ ಬಲಕ್ಕೆ ಎಳೆದು ಮೇಲೆತ್ತಿದ್ದಾನೆ. ನಾನು ಆರು ವಾರ ಅಂತ ಓದಿ ದಿನ ಲೆಕ್ಕ ಹಾಕ್ಕೊಂಡು ಕೂತೆ. ಡಾಕ್ಟರು ನೋಡಿದ್ರೆ, ನಾನು ಹೇಳಿದ್ದು ಮೂರು ಅಂತಾರೆ. ಅವರು ಬರೆದುಕೊಟ್ಟಿದ್ದ ಚೀಟಿನ ನಮ್ಮಕ್ಕ ಚೂರುಪಾರು ತೊಗಲಿನ ಜೊತೆ ಗುಡಿಸಿ ಎಸೆದುಬಿಟ್ಟಿದ್ಲು. ಈ ಬಾಲ ಎಳೆದವನು ನನ್ನ ಕೈಗೆ ಸಿಗಲಿ, ತೋರಿಸ್ತೀನಿ."

ಅವನು ಪ್ಲಾಸ್ಟರನ್ನ ಮೇಜಿನ ಮೇಲೆ ಬೋರಲು ಹಾಕಿದ. ಆಸ್ಪತ್ರೆಯವರ ಪರವಾಗಿ ನಾಚಿಕೆ ಪಡ್ತಿದ್ದಾನೆ ಅಂದ್ಕೊಂಡೆ. ಪಾಪ ಅಂತಲೂ ಅನ್ನಿಸಿತು. ಅದನ್ನ ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತೆ.

ಅಂಗಡಿ ನನ್ನದು, ಅಕ್ಕನದು. ಅಕ್ಕ ತೊಗಲು ಕತ್ತರಿಸ್ತಾಳೆ, ಗಿರಾಕಿಗಳ ಹತ್ತಿರ ಮಾತಾಡ್ತಾಳೆ. ನಾನು ಮಾತಾಡಿದರೆ ಗಿರಾಕಿ ಮತ್ತೆ ಬರಲ್ಲ ಅನ್ನೋದು ಅವಳ ಅಭಿಪ್ರಾಯ. ಹೊಲಿಗೆ ಪೂರ್ತಿ ನಂದು. ಒಂದೇ ತೂತಿಗೆ ಎರಡೂ ಕಡೆಯಿಂದ ಎರಡು ಸೂಜಿ ತೂರಿಸಿ ದಾರ ಬಿಗಿಯೋ ಕೈಹೊಲಿಗೆ. ಅದಕ್ಕೆ ಈ ತೋರುಬೆರಳು ತೂತು ಕೊರೆಯೋ ದಬ್ಬಳವನ್ನ ಸುತ್ತಿ ಹಿಡೀಬೇಕು. ಅಂಗಡಿ ಶಟರ್ ಜಾರಿ ಅದೇ ಬೆರಳಿನ ಮೇಲೆ ಬಿತ್ತು.

ಅಕ್ಕ ಕೆಟ್ಟವಳಲ್ಲ. ಆದರೆ ಕೆಲಸ ನಿಲ್ಲಬಾರದಲ್ಲ.

"ಎರಡು ತಿಂಗಳು ನೋಡ್ತೀನಿ ಪುಟ್ಟಿ," ಅಂದಳು. "ಆಗಲಿಲ್ಲ ಅಂದ್ರೆ ನಿನ್ನ ಮೇಜಿನ ಜಾಗಕ್ಕೆ ಮಿಷನ್ ಹಾಕ್ಸೋದೇ."

ನನ್ನ ಮೇಜು! ಕಿಟಕಿ ಪಕ್ಕದ, ನನ್ನ ಮೊಣಕೈ ತಾಗಿ ತಾಗಿ ಅಂಚು ಸವೆದ ಮೇಜು. ಅವತ್ತೆಲ್ಲ ಅಕ್ಕನ ಜೊತೆ ಮಾತು ಬಿಟ್ಟೆ. ಸಿಟ್ಟಿಗೆ ಮುಷ್ಟಿ ಕಟ್ಟೋಣ ಅಂದರೆ ಬೆರಳು ನೆಟ್ಟಗೆ ನಿಂತು ಗೋಡೆಗೆ ದಾರಿ ತೋರಿಸ್ತಾ ಇತ್ತು. ಕೋಪ ಮಾಡಿಕೊಳ್ಳೋಕೂ ಬೆರಳು ಬೇಕು ಅಂತ ಅವತ್ತು ಗೊತ್ತಾಯಿತು.

ದಿನಾ ಬೆಳಿಗ್ಗೆ ಹತ್ತಕ್ಕೆ ಅವನ ರೂಮು. ಬಿಸಿ ಮೇಣದೊಳಗೆ ಕೈ ಅದ್ದೋದು, ತೆಗೆಯೋದು, ಮತ್ತೆ ಅದ್ದೋದು. ಮೇಣ ಸುಲಿದಾಗ ಚರ್ಮ ಬೆಚ್ಚಗೆ ಮೆತ್ತಗಾಗಿರುತ್ತಿತ್ತು. ಆಗ ಅವನು ಹೆಬ್ಬೆರಳಿನಿಂದ ಗೆಣ್ಣಿನ ಸುತ್ತ ಚರ್ಮವನ್ನ ಮೇಲಕ್ಕೆ, ಕೆಳಕ್ಕೆ, ಅಡ್ಡಕ್ಕೆ ಸರಿಸಿ ಸರಿಸಿ ಒಳಗಿನಿಂದ ಬಿಡಿಸ್ತಿದ್ದ. ಆಮೇಲೆ ಮೆಲ್ಲಗೆ ಮಡಚೋದು. ಗೆಣ್ಣಿನ ಮೇಲಿನ ಚರ್ಮ ಬೆಳ್ಳಗಾದ ಜಾಗಕ್ಕೆ ಬಂದು ನಿಲ್ಲೋದು, ಮೂವತ್ತು ಎಣಿಸೋದು. ಕೊನೆಗೆ ಪುಟ್ಟ ಸ್ಕೇಲ್ ಇಟ್ಟು ಬೆರಳ ತುದಿಗೂ ಅಂಗೈಗೂ ಎಷ್ಟು ದೂರ ಅಂತ ಅಳೆದು ಕಾರ್ಡಿನಲ್ಲಿ ಬರೆಯೋದು. ಮೊದಲ ದಿನ ಐದೂವರೆ ಸೆಂಟಿಮೀಟರ್.

"ಜೋರಾಗಿ ಒತ್ತಿ. ನಾನೇನು ಬೆಣ್ಣೆಯಿಂದ ಮಾಡಿದವಳಾ?"

"ನೆನೆಸಿದ ತೊಗಲನ್ನ ಒಂದೇ ಸಲ ಜೋರಾಗಿ ಮಡಿಸಿದ್ರೆ ಏನಾಗುತ್ತೆ?"

"ಮೇಲ್ಪದರ ಬಿರಿಯುತ್ತೆ."

"ಗೊತ್ತಿದೆಯಲ್ಲ. ಸುಮ್ನಿರಿ ಮತ್ತೆ."

ಸುಮ್ನಿರಿ ಅಂತ ನನಗೆ ಹೇಳಿ ಬದುಕಿ ಉಳಿದವರು ಕಮ್ಮಿ. ಇವನು ಹೇಳಿ, ನಕ್ಕು, ಮತ್ತೆ ಬೆರಳಿಗೆ ಬಗ್ಗಿದ. ಹುಬ್ಬಿನ ಪಕ್ಕ ಒಂದು ಹಳೇ ಗಾಯದ ಗುರುತಿತ್ತು. ನಗುವಾಗ ಅದೂ ಮೇಲೇಳುತ್ತಿತ್ತು. ನಾನು ಅದನ್ನ ನೋಡಿದ್ದನ್ನ ಅವನು ನೋಡಿದ. ನಾನು ಕಿಟಕಿ ಕಡೆ ತಿರುಗಿಕೊಂಡೆ. ಕಿಟಕಿಯಾಚೆ ನೀರಿನ ಟ್ಯಾಂಕ್ ಬಿಟ್ಟರೆ ಏನೂ ಇರಲಿಲ್ಲ. ಅದನ್ನೇ ಶ್ರದ್ಧೆಯಿಂದ ನೋಡಿದೆ.

ಎರಡನೇ ವಾರ ಅವನ ಬ್ಯಾಗ್ ಕಣ್ಣಿಗೆ ಬಿತ್ತು. ಹೆಗಲ ಪಟ್ಟಿ ಕಿತ್ತುಹೋದ ಜಾಗಕ್ಕೆ ಬ್ಯಾಂಡೇಜ್ ಬಟ್ಟೆ ಸುತ್ತಿದ್ದ.

"ಅಯ್ಯೋ, ಇದೇನ್ರೀ ಇದು! ಬ್ಯಾಗಿಗೆ ಬ್ಯಾಂಡೇಜಾ?"

"ಫ್ರಾಕ್ಚರ್ ಆಗಿದೆ, ಪಾಪ."

"ಎಷ್ಟು ವಾರ ಅಲ್ಲಾಡಿಸಬಾರದಂತೆ?" ಅಂತ ನಾನು ತಮಾಷೆಗೆ ಕೇಳಿದೆ.

ಅವನ ನಗು ಅಲ್ಲೇ ನಿಂತುಹೋಯಿತು. ಬ್ಯಾಗನ್ನ ಕಾಲಿನಿಂದ ಮೇಜಿನ ಕೆಳಗೆ ತಳ್ಳಿದ. ನನಗೆ ಅರ್ಥವಾಗಲಿಲ್ಲ. ಬೇಜಾರಾಯಿತೇನೋ ಅಂತ, "ನನ್ನ ಬೆರಳು ಮಡಚಿದ ದಿನ ಮೊದಲನೇ ಹೊಲಿಗೆ ಆ ದರಿದ್ರ ಪಟ್ಟಿಗೇ ಹಾಕ್ತೀನಿ. ಅಲ್ಲೀವರೆಗೂ ಬೇರೆ ಯಾರ ಕೈಗೂ ಕೊಡಬೇಡಿ," ಅಂದೆ.

"ಕೊಡಲ್ಲ," ಅಂದ ಅವನು, ತುಂಬ ಗಂಭೀರವಾಗಿ.

ಬೇರೆಯವರಿಗೆ ಅರ್ಧ ಗಂಟೆ, ನನಗೆ ಒಂದು ಗಂಟೆ. ಯಾಕೆ ಅಂತ ನಾನು ಕೇಳಲಿಲ್ಲ. ಕೇಳಿದರೆ ಎಲ್ಲಿ ಅರ್ಧ ಗಂಟೆಗೆ ಇಳಿಸಿಬಿಡ್ತಾನೋ ಅಂತ. ಅಕ್ಕ ಅವನಿಗೆ ಬೆರಳು ಮೇಷ್ಟ್ರು ಅಂತ ಹೆಸರಿಟ್ಟಳು. "ಏನೇ, ಇವತ್ತು ಬೆರಳು ಮೇಷ್ಟ್ರಿಗೆ ಬೈಯೋಕೆ ಹೊಸ ಸೀರೆನಾ?" ಅಂತ ಕೆಣಕಿದಳು. ಹೊಸದೇನಲ್ಲ, ಎರಡು ಸಲ ಉಟ್ಟಿದ್ದೆ.

ಒಂದು ಗುರುವಾರ ಎಣಿಸ್ತಾ ಎಣಿಸ್ತಾ ಅವನು ಇಪ್ಪತ್ತೆರಡಕ್ಕೆ ನಿಂತ. ದಿನಾ ಗೆಣ್ಣನ್ನೇ ನೋಡ್ತಾ ಎಣಿಸೋನು, ಅವತ್ತು ತಲೆ ಎತ್ತಿದ್ದ. ಏನನ್ನೋ ಹೇಳೋಕೆ ಬಾಯಿ ತೆರೆದವನ ಹಾಗೆ ನೋಡ್ತಿದ್ದ. ನನ್ನ ಬೆರಳು ಅವನ ಕೈಯಲ್ಲೇ ಇತ್ತು. ಗೆಣ್ಣಿನ ಮೇಲೆ ತೆಳ್ಳಗೆ ಒಂದು ಗೆರೆ ವಾಪಸ್ ಬಂದಿತ್ತು, ಅವತ್ತೇ.

"ಮುಂದೆ?" ಅಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ಏನು?"

"ಇಪ್ಪತ್ತಮೂರು."

"ಹಾಂ. ಇಪ್ಪತ್ತಮೂರು," ಅಂದ. ಆಮೇಲೆ ಇಪ್ಪತ್ತೈದಕ್ಕೆ ಹಾರಿದ. ನಾನು ತಿದ್ದಲಿಲ್ಲ.

ನಾಲ್ಕನೇ ವಾರ ದೂರು ಬರೆಯೋದು ಅಂತ ನಿಶ್ಚಯ ಮಾಡಿದೆ. ಬೆರಳು ಅಂಗೈಗೆ ಇನ್ನೂ ಎರಡು ಸೆಂಟಿಮೀಟರ್ ದೂರದಲ್ಲೇ ನಿಂತಿತ್ತು, ಪೆನ್ನು ಹಿಡಿಯೋಕೆ ಬರ್ತಿರಲಿಲ್ಲ. ಅಕ್ಕನನ್ನ ಕೇಳಿದರೆ, ಹೋಗಲಿ ಬಿಡೇ ಅಂತಾಳೆ. ಅದಕ್ಕೇ ಅವನನ್ನ ಕೇಳಿದೆ.

"ನಾನು ಹೇಳ್ತೀನಿ, ನೀವು ಬರೀರಿ. ನಿಮ್ಮ ಹೆಸರು ಬರಲ್ಲ, ಹೆದರಬೇಡಿ."

ಅವನು ಹಾಳೆ ತಗೊಂಡ. ಮುಖ ಬಿಳಿಚಿಕೊಂಡಿತ್ತು.

"ಮಾನ್ಯರೇ. ನಿಮ್ಮ ಪ್ಲಾಸ್ಟರ್ ರೂಮಿನಲ್ಲಿದ್ದ ಯಾರೋ ಒಬ್ಬ ಅವಿವೇಕಿ..."

"ಅವಿವೇಕಿ ಅಂತಲೇ ಬರೀಲಾ?"

"ದೊಡ್ಡದಾಗಿ ಬರೀರಿ. ...ಒಬ್ಬ ಅವಿವೇಕಿ, ಮೂರು ಅಂತ ಬರೆಯಬೇಕಾದ ಕಡೆ ಆರು ಅಂತ ಓದೋ ಹಾಗೆ ಬರೆದದ್ದರಿಂದ, ನನ್ನ ಬೆರಳು..."

ಪೆನ್ನು ನಿಂತಿತು.

"ಅಂಕಿಯಲ್ಲಿ ಬರೀಲಾ, ಅಕ್ಷರದಲ್ಲಿ ಬರೀಲಾ?" ಅಂತ ಕೇಳಿದ.

"ಹೇಗಾದ್ರೂ ಬರೀರಿ."

ಅವನು ನಿಧಾನವಾಗಿ ಒಂದು ಅಂಕಿ ಬರೆದು ಹಾಳೆಯನ್ನ ನನ್ನ ಕಡೆ ತಿರುಗಿಸಿದ.

ಮೂರು. ಬಾಲ ಬಲಕ್ಕೆ ತಿರುಗಿ, ಮೇಲೆದ್ದಿತ್ತು.

ನನಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ನನ್ನ ಕಾರ್ಡ್ ನೆನಪಾಯಿತು. ದಿನಕ್ಕೆ ಮೂರು ಸಲ ಬಿಸಿನೀರು, ಮೂರು ಸಲ ಎಣ್ಣೆ. ನಾಲ್ಕು ವಾರದಲ್ಲಿ ಒಂದು ಸಲವೂ ಅವನು ಮೂರನ್ನ ಅಂಕಿಯಲ್ಲಿ ಬರೆದಿರಲಿಲ್ಲ. ಎಲ್ಲ ಕಡೆ ಅಕ್ಷರ. ಎಷ್ಟು ಅಚ್ಚುಕಟ್ಟು ಅಂತ ಮೆಚ್ಚಿಕೊಂಡಿದ್ದೆ ನಾನು, ಪೆದ್ದಿ!

"ನೀವಾ?"

"ನಾನೇ. ಅವತ್ತು ಅಲ್ಲಿ ಜನ ಕಮ್ಮಿ ಇದ್ರು, ಸಹಾಯಕ್ಕೆ ಹೋಗಿದ್ದೆ. ನಾನು ಮಾಸ್ಕ್ ಹಾಕಿದ್ದೆ. ನೀವು ಕಣ್ಣು ಮುಚ್ಚಿಕೊಂಡು ಶಟರ್‌ಗೆ ಬೈತಾ ಇದ್ರಿ."

"ಯಾವಾಗ ಗೊತ್ತಾಯ್ತು ನಿಮಗೆ?"

"ನೀವು ಪ್ಲಾಸ್ಟರ್ ತೋರಿಸಿದ ದಿನ."

"ಮೊದಲನೇ ದಿನ! ಮೊದಲನೇ ದಿನ ಗೊತ್ತಾಗಿ, ನಾಲ್ಕು ವಾರ ನನ್ನ ಬೈಗುಳ ಕೇಳ್ಕೊಂಡು ಕೂತಿದ್ರಾ?"

"ಹೇಳಬೇಕು ಅಂತ ದಿನಾ..."

"ಮುಚ್ಚಿ ಬಾಯಿ!"

ಎದ್ದು ನಿಂತೆ. ಕುರ್ಚಿ ಬಿತ್ತು. ಬಾಲ ತಿರುಗಿದ್ದಕ್ಕೆ ಸಿಟ್ಟಲ್ಲ ಅದು. ಕೈ ತಪ್ಪುತ್ತೆ, ಯಾರಿಗಾದರೂ ತಪ್ಪುತ್ತೆ. ನಾನೂ ಎಷ್ಟೋ ತೊಗಲು ಹಾಳು ಮಾಡಿದ್ದೀನಿ. ನನಗೆ ಒಳಗೆ ಚುಚ್ಚಿದ್ದೇ ಬೇರೆ.

"ಆ ಅರ್ಧ ಗಂಟೆ ಜಾಸ್ತಿ ಕೊಟ್ಟದ್ದು. ಪಟ್ಟಿ ಯಾರಿಗೂ ಕೊಡಲ್ಲ ಅಂದದ್ದು. ಇಪ್ಪತ್ತೆರಡಕ್ಕೆ ನಿಂತದ್ದು. ಎಲ್ಲಾ ಮಾಡಿದ ತಪ್ಪು ತೊಳ್ಕೊಳ್ಳೋಕಾ? ನಾನೇನು ನಿಮ್ಮ ಪ್ರಾಯಶ್ಚಿತ್ತನಾ?"

ಅವನು ಬಗ್ಗಿ, ಬಿದ್ದ ಕುರ್ಚಿಯನ್ನ ಎತ್ತಿ ನಿಲ್ಲಿಸಿದ. ಉತ್ತರ ಬಂದಿದ್ದರೆ ನಿಲ್ಲುತ್ತಿದ್ದೆನೋ ಏನೋ. ದೂರಿನ ಹಾಳೆಯನ್ನ ಅಲ್ಲೇ ಬಿಟ್ಟು ಹೊರಟುಬಂದೆ. ಮೆಟ್ಟಿಲ ತನಕ ಕಣ್ಣೀರು ತಡೆದೆ, ಆಮೇಲೆ ಆಗಲಿಲ್ಲ.

ನಾಲ್ಕು ದಿನ ಹೋಗಲಿಲ್ಲ. ಬೆರಳು ಮತ್ತೆ ಬಿಗಿಯೋಕೆ ಶುರುವಾಯಿತು.

"ಮೇಷ್ಟ್ರ ಮೇಲಿನ ಸಿಟ್ಟಿಗೆ ಬೆರಳಿಗೆ ಯಾಕೆ ಉಪವಾಸ?" ಅಂದಳು ಅಕ್ಕ. ಅವಳಿಗೆ ಎಲ್ಲ ಹೇಳಿದ್ದೆ. "ಹೋಗಿ ಬೇರೆಯವರನ್ನ ಕೇಳು. ಇನ್ನು ಉಳಿದಿರೋದು ಮೂರು ವಾರ, ನೆನಪಿದೆಯಾ? ಆಮೇಲೆ ಮಿಷನ್."

"ನನ್ನೆದುರಿಗೆ ಮೂರು ಅನ್ನಬೇಡ!"

ಸೋಮವಾರ ಹೋದೆ. ಅವನ ಕುರ್ಚಿಯಲ್ಲಿ ನಮ್ಮ ದೊಡ್ಡಮ್ಮನ ವಯಸ್ಸಿನ ಒಬ್ಬರು ಕೂತಿದ್ದರು. ಕನ್ನಡಕ ಮೂಗಿನ ತುದಿಗೆ ಜಾರಿಸಿ, "ಬಾಮ್ಮ, ನೀನೇನಾ ಆ ಬೆರಳು?" ಅಂದರು. "ನಿನ್ನ ಕೇಸ್ ನನಗೆ ಒಪ್ಪಿಸಿದ್ದಾನೆ. ತಾನು ನೋಡೋದು ಸರಿಯಲ್ಲ ಅಂತ ತಾನೇ ಬರೆದುಕೊಟ್ಟಿದ್ದಾನೆ."

"ಏನಂತ ಬರೆದುಕೊಟ್ಟಿದ್ದಾನೆ?"

"ಪ್ಲಾಸ್ಟರ್ ಮೇಲೆ ತಪ್ಪು ಬರೆದದ್ದು ನಾನೇ, ಗೊತ್ತಾದ ಮೇಲೂ ಮುಚ್ಚಿಟ್ಟೆ ಅಂತ. ದೊಡ್ಡ ಡಾಕ್ಟರು ಕರೆಸಿ ಚೆನ್ನಾಗಿ ಉಗಿದರು. ಈಗ ಪ್ಲಾಸ್ಟರ್ ರೂಮಿನ ಬಾಗಿಲಿಗೆ ನೋಟೀಸ್ ಅಂಟಿಸಿದ್ದಾರೆ, ಇನ್ಮೇಲೆ ಎಲ್ಲ ಅಕ್ಷರದಲ್ಲೇ ಬರೀಬೇಕು ಅಂತ. ಅವಿವೇಕಿ ಅಂತ ಬೇರೆ ಬರ್ಕೊಂಡಿದ್ದಾನೆ, ದೊಡ್ಡದಾಗಿ."

ನನ್ನ ದೂರು! ನನ್ನ ಅವಿವೇಕಿ! ನಾನು ಕೊಡಬೇಕಾದ ದೂರನ್ನ ಕೊಡೋಕೆ ಇವನ್ಯಾರು? ಮತ್ತೆ ಮೈಯೆಲ್ಲ ಉರಿಯಿತು.

ಆ ಅಮ್ಮ ನನ್ನ ಕಾರ್ಡ್ ತಿರುವುತ್ತಾ ಹುಬ್ಬು ಗಂಟಿಕ್ಕಿದರು. "ಇದೇನು, ಒಂದು ಗುರುವಾರ ಅಳತೆನೇ ಬರೆದಿಲ್ಲ? ಅವನು ಅಂಥೋನಲ್ಲವಲ್ಲ. ಹನ್ನೊಂದು ವರ್ಷದಲ್ಲಿ ಒಂದು ದಿನ ಬಿಟ್ಟವನಲ್ಲ."

ಆ ಗುರುವಾರ ಯಾವುದು ಅಂತ ನನಗೆ ಗೊತ್ತಿತ್ತು. ಬಿಸಿ ಮೇಣದೊಳಗೆ ಕೈ ಅದ್ದಿದೆ.

ಆಮೇಲಿನ ಎರಡು ವಾರ ಬೆರಳಿನ ಜೊತೆ ನಾನು ಮಾಡಿದ ಕುಸ್ತಿ ಅಕ್ಕನಿಗೆ ಗೊತ್ತು. ಆಸ್ಪತ್ರೆಯಲ್ಲಿ ಒಂದು ಸಲ, ಅಂಗಡಿಯಲ್ಲಿ ನಾಲ್ಕು ಸಲ. ಬಿಸಿನೀರು, ಎಣ್ಣೆ, ಚರ್ಮ ಸರಿಸೋದು, ಬೆಳ್ಳಗಾಗೋವರೆಗೂ ಮಡಚೋದು. ಮೂವತ್ತು ಎಣಿಸುವಾಗ ಪ್ರತಿ ಸಲ ಇಪ್ಪತ್ತೆರಡಕ್ಕೆ ಬಂದು ಹಲ್ಲು ಕಡೀತಿದ್ದೆ. ಗೆಣ್ಣಿನ ಗೆರೆಗಳು ಒಂದೊಂದಾಗಿ ವಾಪಸ್ ಬಂದವು. ಆದರೆ ಕೊನೆಯ ಒಂದು ಬೆರಳಗಲ ಮಾತ್ರ ಬಗ್ಗಲಿಲ್ಲ.

ಶನಿವಾರ ಮಧ್ಯಾಹ್ನ ಅಂಗಡಿ ಬಾಗಿಲಿಗೆ ನೆರಳು ಬಿತ್ತು. ತಲೆ ಎತ್ತಿದೆ. ಬಿಳಿ ಕೋಟಿಲ್ಲದೆ ಅವನು ಸಣ್ಣಗೆ ಕಾಣಿಸಿದ. ಹೆಗಲ ಮೇಲೆ ಅದೇ ಬ್ಯಾಗ್, ಅದೇ ಬ್ಯಾಂಡೇಜ್, ಈಗ ಮಣ್ಣು ಬಣ್ಣ.

"ಬ್ಯಾಗ್ ರಿಪೇರಿ ಮಾಡ್ತೀರಾ?" ಅಂದ.

ನಾನು ಮೇಜು ಸುತ್ತಿ ಹೋದದ್ದು ನೆನಪಿಲ್ಲ. ಅವನ ಎದೆ ಮೇಲಿನ ಶರ್ಟ್ ನನ್ನ ಬಲಗೈಯಲ್ಲಿತ್ತು.

"ನನ್ನ ದೂರು ಕೊಡೋಕೆ ನೀವ್ಯಾರ್ರೀ? ಹೇಳಿಕೊಟ್ಟದ್ದು ನಾನು, ಸಿಟ್ಟು ನಂದು, ಬೆರಳು ನಂದು! ಅದನ್ನೂ ಕಿತ್ಕೊಂಡು ಒಳ್ಳೆಯವರಾಗಿಬಿಟ್ರಾ? ನನಗೆ ಬೈಯೋಕೂ ಏನೂ ಉಳಿಸಲಿಲ್ವಲ್ಲ!"

ಅವನು ನನ್ನ ಮುಖ ನೋಡ್ತಿರಲಿಲ್ಲ. ಕೆಳಗೆ, ತನ್ನ ಎದೆ ಮೇಲಿದ್ದ ನನ್ನ ಕೈಯನ್ನ ನೋಡ್ತಿದ್ದ.

"ಇಲ್ಲಿ ನೋಡ್ರೀ, ನಾನು ಮಾತಾಡ್ತಿರೋದು ನಿಮ್ಮ ಜೊತೆ!"

"ತಾಗಿದೆ," ಅಂದ.

"ಏನು?"

"ಬೆರಳು. ಅಂಗೈಗೆ ತಾಗಿದೆ."

ನೋಡಿದೆ. ಶರ್ಟಿನ ಬಟ್ಟೆಯನ್ನ ಸುತ್ತಿ ಹಿಡಿದು, ತೋರುಬೆರಳು ಉಳಿದ ಬೆರಳುಗಳ ಸಾಲಿನಲ್ಲೇ ಮಡಚಿ ಕೂತಿತ್ತು. ಗೆಣ್ಣಿನ ಚರ್ಮ ಬೆಳ್ಳಗಾಗಿತ್ತು, ನೋಯ್ತಿತ್ತು, ಆದರೆ ಬಗ್ಗಿತ್ತು. ಎಷ್ಟೋ ದಿನದ ಮೇಲೆ ಮೊದಲನೇ ಸಲ ನನ್ನ ಸಿಟ್ಟಿಗೆ ಒಂದು ಮುಷ್ಟಿ ಸಿಕ್ಕಿತ್ತು. ಬಿಡೋಕೆ ಮನಸ್ಸು ಬರಲಿಲ್ಲ.

"ನಾನೇನು ನಿಮ್ಮ ಪ್ರಾಯಶ್ಚಿತ್ತನಾ ಅಂತ ಅವತ್ತು ಕೇಳಿದ್ದಕ್ಕೆ ಉತ್ತರ ಹೇಳಿಲ್ಲ ನೀವು," ಅಂದೆ, ಶರ್ಟ್ ಹಿಡಿದುಕೊಂಡೇ.

"ಮೊದಲನೇ ವಾರ ತಪ್ಪಿಗೆ ಮಾಡಿದೆ. ಅದು ನಿಜ. ಆಮೇಲಿಂದ ನೀವು ಬರ್ತೀರಲ್ಲ ಅಂತ ಹತ್ತು ಗಂಟೆಗೆ ಕಾಯ್ತಿದ್ದೆ. ನಿಜ ಹೇಳಿದ್ರೆ ಬರೋದು ನಿಲ್ಲಿಸ್ತೀರಿ ಅಂತ ಹೆದರಿದೆ. ಅದು ಬಾಲ ಎಳೆದದ್ದಕ್ಕಿಂತ ದೊಡ್ಡ ತಪ್ಪು." ಒಂದು ಸಲ ಉಸಿರೆಳೆದುಕೊಂಡ. "ಈಗ ನೀವು ನನ್ನ ಪೇಷಂಟ್ ಅಲ್ಲ. ದೂರು ಕೊಟ್ಟಾಯ್ತು, ಉಗಿಸ್ಕೊಂಡಾಯ್ತು. ಇನ್ನು ನಾನು ಇಲ್ಲಿಗೆ ಬರೋಕೆ ಯಾವ ಕಾರಣಾನೂ ಇಲ್ಲ."

"ಮತ್ತೆ ಯಾಕೆ ಬಂದ್ರಿ?"

"ಕಾರಣ ಇಲ್ದೇನೇ ಬಂದೆ."

ಒಳಗಿನ ಕೋಣೆಯಲ್ಲಿ ಕತ್ತರಿ ಸದ್ದು ನಿಂತುಹೋಗಿತ್ತು. ಅಕ್ಕ ಉಸಿರು ಬಿಗಿಹಿಡಿದು ಕೇಳಿಸಿಕೊಳ್ತಿದ್ದಾಳೆ ಅಂತ ಗೊತ್ತಾಯಿತು. ಕೇಳಿಸಿಕೊಳ್ಳಲಿ.

"ಕೂತ್ಕೊಳ್ಳಿ," ಅಂದೆ. "ಆ ಪಟ್ಟಿ ಹಿಡೀರಿ. ಅಲ್ಲಾಡಿಸಿದ್ರೆ ನೋಡಿ."

ಬ್ಯಾಂಡೇಜ್ ಕತ್ತರಿಸಿ ಎಸೆದೆ. ದಬ್ಬಳ ತಗೊಂಡೆ. ಬೆರಳು ಅದನ್ನ ಸುತ್ತಿ ಹಿಡೀತು. ಒಂದು ತೂತು, ಎರಡು ಕಡೆಯಿಂದ ಎರಡು ಸೂಜಿ. ಮೊದಲನೇ ಹೊಲಿಗೆ ಸೊಟ್ಟಗೆ ಬಿತ್ತು. ಎರಡನೆಯದೂ ಸೊಟ್ಟ. ಅವನು ಉಸಿರಿನಲ್ಲೇ ಎಣಿಸ್ತಿದ್ದ. ನಾಲ್ಕನೆಯದು ನೆಟ್ಟಗೆ ಬಂತು. ಐದಕ್ಕೆ ಬೆರಳು ಸಾಕು ಅಂದಿತು.

ತಲೆ ಎತ್ತಿದರೆ ಅವನು ಪಟ್ಟಿ ನೋಡ್ತಿರಲಿಲ್ಲ. ಹುಬ್ಬಿನ ಪಕ್ಕದ ಗುರುತು ಮೇಲೆದ್ದಿತ್ತು. ಈ ಸಲ ನಾನು ಕಿಟಕಿ ಕಡೆ ತಿರುಗಲಿಲ್ಲ.

"ಕೋಪ ಹೋಗಿಲ್ಲ ನನಗೆ," ಅಂದೆ.

"ಗೊತ್ತು."

"ಬೇಗ ಹೋಗೋದೂ ಇಲ್ಲ."

"ಎಷ್ಟು ದಿನ ಬೇಕಾದ್ರೂ ತಗೊಳ್ಳಿ."

"ಪುಟ್ಟೀ," ಅಂತ ಒಳಗಿನಿಂದ ಅಕ್ಕ ಕೂಗಿದಳು, "ಮಿಷನ್‌ನವರಿಗೆ ಬೇಡ ಅಂತ ಫೋನ್ ಮಾಡಲೇನೇ?"

"ಮಾಡು!" ಅಂತ ಕಿರುಚಿದೆ.

ರಿಪೇರಿಗೆ ಬಂದ ಬ್ಯಾಗಿಗೆ ಚೀಟಿ ಕಟ್ಟೋದು ನಮ್ಮ ಅಂಗಡಿಯ ಪದ್ಧತಿ. ಯಾವತ್ತು ಬರಬೇಕು ಅಂತ ಅದರಲ್ಲಿ ಬರೀತೀವಿ, ಅರ್ಧ ಹರಿದು ಗಿರಾಕಿಗೆ ಕೊಡ್ತೀವಿ. ಪೆನ್ನು ಹಿಡಿದೆ. ಬೆರಳು ನೋಯ್ತಿತ್ತು. ಅಂಕಿ ಬರೆಯೋಕೆ ಹೋದವಳು ಅವನ ಮುಖ ನೋಡಿ ನಿಲ್ಲಿಸಿದೆ. ಈ ಮನುಷ್ಯನ ಹತ್ತಿರ ಅಂಕಿಯ ಸಹವಾಸವೇ ಬೇಡ. ಯಾರೂ ತಪ್ಪು ಓದೋಕೆ ಸಾಧ್ಯವಿಲ್ಲದ ಹಾಗೆ, ದಪ್ಪ ದಪ್ಪ ಅಕ್ಷರದಲ್ಲಿ ಬರೆದು ಅವನ ಕೈಗಿಟ್ಟೆ.

ಅವನು ಓದಿದ. ಇನ್ನೊಂದು ಸಲ ಓದಿದ.

"ನಾಳೆ," ಅಂದ. "ಪಟ್ಟಿ ನಾಳೆಗೇ ರೆಡಿ ಆಗುತ್ತಾ?"

"ದಿನಕ್ಕೆ ಐದು ಹೊಲಿಗೆ. ಪಟ್ಟಿಗೆ ಇನ್ನೂ ಒಂದು ತಿಂಗಳು ಬೇಕು," ಅಂದೆ. "ನೀವು ನಾಳೆ ಬನ್ನಿ."